ಶನಿ ಪಾತ್ರದ ಸೋದರಮಾವ

ಜವನಗೊಂಡನಹಳ್ಳಿ ಸುತ್ತಮುತ್ತ ಎಲ್ಲೇ ಶನಿದೇವರ ನಾಟಕ ಆಡಲಿ, ಶನಿಯ ಪಾತ್ರಕ್ಕೆ ಜುಂಜಯ್ಯನೇ ಆಗಬೇಕು. ಹಗಲು ಕುರಿ ಮೇಯಿಸುವ ಈ ಐವತ್ತರ ಆಸಾಮಿ ಮೈಗೆ ಕಪ್ಪು ಬಳಿದುಕೊಂಡು ರಂಗಕ್ಕೆ ಬಂದನೆಂದರೆ ಹೆಂಗಸರು ಕೈಮುಗಿಯುತ್ತಾರೆ, ಊರಿನ ದೊಡ್ಡವರು ಚಪ್ಪಲಿ ಬಿಟ್ಟು ಬಂದು ಆರತಿ ಎತ್ತುತ್ತಾರೆ. ಬೆಳಗಾಗಿ ಬಣ್ಣ ತೊಳೆದುಕೊಂಡು ಅದೇ ಜುಂಜಯ್ಯ ಟೀ ಅಂಗಡಿಗೆ ಹೋದರೆ ಅದೇ ದೊಡ್ಡವರು ಮುಖ ತಿರುಗಿಸುತ್ತಾರೆ. ಶನಿಯ ದೃಷ್ಟಿ ಬಿದ್ದರೆ ಕೇಡಂತೆ, ಪಾತ್ರ ಮಾಡಿದವನ ಕಣ್ಣಿಗೂ ಅದು ಅಂಟಿಕೊಳ್ಳುತ್ತದಂತೆ. ದೇವರು ಬೇಕು, ಮನುಷ್ಯ ಬೇಡ! ಇಂಥ ಜನಕ್ಕೆ ಏನು ಹೇಳುವುದು?

ಮೊದಮೊದಲು ಅವನಿಗೆ ಇದೆಲ್ಲ ತಮಾಷೆ. "ಲೇ ಮಂಜಣ್ಣ, ನೋಡ್ಲೇನೋ ನಿನ್ ಕಡೀಗೆ?" ಎಂದು ಓರಗೆಯವನನ್ನು ರೇಗಿಸಿದರೆ ಮಂಜಣ್ಣ ಮುಖಕ್ಕೆ ಟವೆಲ್ ಹಾಕಿಕೊಂಡು ಓಡುತ್ತಿದ್ದ. ಆಮೇಲೆ ಹೆಣ್ಣು ಕೇಳಲು ಹೋದಲ್ಲೆಲ್ಲ "ಶನಿಗೆ ಯಾರಪ್ಪ ಹೆಣ್ಣು ಕೊಡ್ತಾರೆ?" ಎಂದರು. ಜುಂಜಯ್ಯನ ನಗು ಕಡಿಮೆಯಾಯಿತು. ಬಾಣಂತಿ ಇರುವ ಮನೆಗೆ ಹೋಗುವುದನ್ನು ಬಿಟ್ಟ, ಹೊಸ ಮನೆ ಒಕ್ಕಲಿಗೆ ಹೋಗುವುದನ್ನು ಬಿಟ್ಟ. ಎದುರಿಗೆ ಬಂದವರು ಮುಖ ತಿರುಗಿಸುವ ಮೊದಲೇ ತಾನು ನೆಲ ನೋಡುವುದನ್ನು ಕಲಿತ. ಆ ಪಾತ್ರ ಬಿಟ್ಟುಬಿಡಬಾರದಿತ್ತೇ ಎನ್ನಬಹುದು. ಬಿಟ್ಟಿದ್ದರೆ ವರ್ಷಕ್ಕೆ ನಾಲ್ಕು ದಿನವಾದರೂ ಜನ ಅವನನ್ನು ಕಣ್ತುಂಬ ನೋಡುತ್ತಿದ್ದುದೂ ತಪ್ಪಿಹೋಗುತ್ತಿತ್ತು.

ಅವನಿಗೆ ತನ್ನವರು ಎಂದಿದ್ದವರು ಹೊಳಲ್ಕೆರೆ ಕಡೆಗೆ ಕೊಟ್ಟಿದ್ದ ತಂಗಿ ಸಿದ್ದಕ್ಕ ಮತ್ತು ಅವಳ ಮಗಳು ಕಾವ್ಯಶ್ರೀ. ಹುಡುಗಿ ಚಿಕ್ಕಂದಿನಲ್ಲಿ ಮಾವನ ಹೆಗಲು ಬಿಟ್ಟು ಇಳಿದವಳಲ್ಲ. ಅವಳ ಮದುವೆ ಗೊತ್ತಾದಾಗ ಜುಂಜಯ್ಯನಿಗೆ ಇದ್ದದ್ದು ಒಂದೇ ಆಸೆ. ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಆ ಒಂದು ಕೆಲಸಕ್ಕೆ ತನ್ನನ್ನು ಕರೆಯುತ್ತಾರೋ ಇಲ್ಲವೋ?

ಸಿದ್ದಕ್ಕ ಬಂದಳು. ಕಂಬಳಿಯ ಮೇಲೆ ಕೂತು ಬಹಳ ಹೊತ್ತು ಸೆರಗಿನ ಅಂಚು ಎಳೆದಾಡಿದಳು.

"ಅಣ್ಣಾ, ಬೇಜಾರ್ ಮಾಡ್ಕಬ್ಯಾಡ. ಗಂಡಿನ ಕಡೇರು ನಿನ್ ನಾಟಕ ನೋಡವ್ರೆ. ನೀನು ಮಾರನೇ ದಿನ ಊಟಕ್ಕೆ ಬಾ."

"ಆಯ್ತು ಬಿಡವ್ವ" ಎಂದ. ಅವಳು ಹೋದ ಮೇಲೆ ಕುರಿಗಳ ನಡುವೆ ಕೂತು ಅತ್ತ. ಅವಕ್ಕಾದರೂ ಅವನ ಕಣ್ಣಿನ ಭಯವಿರಲಿಲ್ಲ.

ಆದರೆ ಕಾವ್ಯಶ್ರೀ ಹಟಮಾರಿ. ವಿಷಯ ತಿಳಿದೊಡನೆ ಫೋನ್ ಮಾಡಿದಳು. "ಮಾವ, ನೀನ್ ಬರ್ದಿದ್ರೆ ನಾನು ರೂಮಿಂದ ಆಚಿಗೇ ಬರಲ್ಲ. ಗಂಡಿನ ಕಡೇರಿಗೂ ಹೇಳಿದೀನಿ. ಒಪ್ಕಂಡವ್ರೆ."

ಜುಂಜಯ್ಯ ಹೊಸ ಪಂಚೆ ಉಟ್ಟು ಹೊಸದುರ್ಗದ ಛತ್ರಕ್ಕೆ ಹೋದ. ಯಾರೂ ಏನೂ ಅನ್ನಲಿಲ್ಲ. ಗಂಡಿನ ತಂದೆಯೇ "ಬರ್ರಿ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದುಕೊಟ್ಟರು. ಮುಹೂರ್ತದ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಕಾವ್ಯಶ್ರೀ ಕೈ ಚಾಚಿದಳು, ಅವನು ಹಿಡಿದುಕೊಂಡ. ಅವನಿಗೆ ಕಂಡದ್ದು ಅರಿಶಿನ ಹಚ್ಚಿದ ಪಾದಗಳು ಮಾತ್ರ.

"ಮಾವ, ಹೆಂಗ್ ಕಾಣ್ತೀನಿ?"

"ಚೆನ್ನಾಗ್ ಕಾಣ್ತೀಯವ್ವ."

"ನೋಡ್ದಲೇ ಹೇಳ್ತೀಯಲ್ಲ! ನನ್ ಮುಖ ನೋಡು ಮಾವ."

ಬೀಗರೆಲ್ಲ ಒಪ್ಪಿದ್ದರು. ಆದರೆ ಜುಂಜಯ್ಯನ ಕತ್ತು ಮೇಲೇಳಲಿಲ್ಲ. ಇಷ್ಟು ವರ್ಷ ಊರವರಿಗೆ ಬುದ್ಧಿಯಿಲ್ಲ ಎಂದು ಬೈದುಕೊಂಡವನಿಗೆ ಈ ಹುಡುಗಿಯ ಎದುರು ನಿಂತಾಗ, ಅದು ನಿಜವಾಗಿದ್ದರೆ ಎಂಬ ಹೆದರಿಕೆ ಹಿಡಿಯಿತು. ಬೇರೆ ಯಾರಾಗಿದ್ದರೂ ಧೈರ್ಯವಾಗಿ ನೋಡಿಬಿಡುತ್ತಿದ್ದ.

"ನಡಿಯವ್ವ, ಹೊತ್ತಾಗ್ತೈತೆ" ಎಂದು ಅವಳ ಕೈಯನ್ನು ಬಿಗಿಯಾಗಿ ಹಿಡಿದು, ನೆಲ ನೋಡುತ್ತಲೇ ಕರೆದುಕೊಂಡು ಹೋಗಿ ಹಸೆಮಣೆಯ ಮೇಲೆ ಕೂರಿಸಿದ. ತನ್ನ ಹೆಗಲ ಮೇಲೆ ಬೆಳೆದ ಹುಡುಗಿ ಮದುಮಗಳಾಗಿ ಹೇಗೆ ಕಾಣುತ್ತಿದ್ದಳೆಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಅವಳು ಕಳಿಸಿದ ಮದುವೆಯ ಫೋಟೋ ಅವನ ಮೊಬೈಲಿನಲ್ಲಿದೆ. ಅದನ್ನೂ ಅವನು ತೆರೆದಿಲ್ಲ.