ಬೆನ್ನ ಹಿಂದಿನ ಹೆಲ್ಮೆಟ್

"ಕೊಡಮ್ಮ ತಾಯಿ, ಕೊಟ್ಬಿಡು ಅದನ್ನ!"

ಕಳೆದ ಶನಿವಾರ ಡಾಲಸ್ ಹತ್ತಿರದ ಪ್ರಾಸ್ಪರ್‌ನಲ್ಲಿ, ತಮ್ಮ ಮನೆಯಲ್ಲಿ, ನಮ್ಮ ಸ್ನೇಹಿತ ರಘು ಟಿವಿಗೆ ಕೈಮುಗಿದು ಹೀಗೆ ಕೂಗುತ್ತಿದ್ದರು. ಹ್ಯೂಸ್ಟನ್ನಿನಲ್ಲಿ ಕಾಲೇಜು ಫುಟ್‌ಬಾಲ್ ನಡೆಯುತ್ತಿತ್ತು. (ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಫುಟ್‌ಬಾಲ್. ಇಷ್ಟು ವರ್ಷವಾದರೂ ನನಗೆ ಅರ್ಧ ನಿಯಮ ತಿಳಿಯದು.) ಮೈದಾನದ ಅಂಚಿನಲ್ಲಿ ಆಜಾನುಬಾಹು ಆಟಗಾರನೊಬ್ಬ ತನ್ನ ಹೆಲ್ಮೆಟ್ ಕೊಡೆಂದು ತನ್ನ ಎದೆಯೆತ್ತರವೂ ಇಲ್ಲದ ಒಬ್ಬ ಹುಡುಗಿಯನ್ನು ಬೇಡುತ್ತಿದ್ದ. ಅವಳು ಅದನ್ನು ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡಿದು ನಿಂತಿದ್ದಳು.

ಕ್ಯಾಮೆರಾ ಹತ್ತಿರ ಹೋಯಿತು. ಹುಡುಗಿ ನಮ್ಮ ಮಗಳು ಜಾಹ್ನವಿ.

ರಘು ಅವರ ಕೂಗು ಅರ್ಧಕ್ಕೇ ನಿಂತಿತು. ಅವರ ಹೆಂಡತಿ ಲತಾ ಸುಮ್ಮನೆ ರಿಮೋಟ್ ಹುಡುಕತೊಡಗಿದರು. ನನ್ನ ತಟ್ಟೆಯಲ್ಲಿ ಚುರುಮುರಿ ಮೆತ್ತಗಾಗುತ್ತಿತ್ತು. (ಇಂಥ ಹೊತ್ತಿನಲ್ಲಿ ಕಣ್ಣು ಇಂಥದ್ದನ್ನೇ ಯಾಕೆ ನೋಡುತ್ತದೆ?)

ಮಗಳು ಹ್ಯೂಸ್ಟನ್ನಿನ ಆ ಕಾಲೇಜಿನಲ್ಲೇ ಕ್ರೀಡಾಪಟುಗಳ ಆರೈಕೆಯ ವಿಷಯ ಓದುತ್ತಾಳೆ. ಉಳುಕದ ಹಾಗೆ ಆಟಗಾರರ ಪಾದಕ್ಕೆ ಟೇಪ್ ಸುತ್ತುವುದು, ನೀರು ಕೊಡುವುದು, ಪೆಟ್ಟಾದವರ ಮೇಲೆ ಕಣ್ಣಿಡುವುದು ಅವಳ ತರಬೇತಿಯ ಭಾಗ. ತಂಡಕ್ಕೆ ಈ ಸೀಸನ್ ಪೂರ್ತಿ ಏಳುಬೀಳು. ಹೇಗೋ ಐದು ಪಂದ್ಯ ಗೆದ್ದಿದ್ದರು. ಇನ್ನೊಂದು ಗೆದ್ದರೆ ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯಕ್ಕೆ ಕರೆ ಬರಬಹುದಿತ್ತು. ಶನಿವಾರದ್ದೇ ಕೊನೆಯ ಅವಕಾಶ. ಹೆಲ್ಮೆಟ್ ಬೇಡುತ್ತಿದ್ದ ಮಾರ್ಕಸ್‌ಗೆ ಅದು ಕಾಲೇಜಿನ ಕೊನೆಯ ವರ್ಷ ಬೇರೆ.

ಮಾರ್ಕಸ್‌ದು ಒಂದು ನಂಬಿಕೆ. ಪ್ರತಿ ಪಂದ್ಯಕ್ಕೂ ಮುಂಚೆ ಅವನ ಪಾದಕ್ಕೆ ಜಾಹ್ನವಿಯೇ ಟೇಪ್ ಸುತ್ತಬೇಕು. ಅವಳ ಹೆಸರನ್ನು ಪೂರ್ತಿಯಾಗಿ ಹೇಳಿಯೇ ಅವನು ಮೇಜಿನಿಂದ ಇಳಿಯಬೇಕು. ಉಳಿದವರಿಗೆಲ್ಲ ಅವಳು 'ಜೇ'. ಅವನೊಬ್ಬ ವಾರಗಟ್ಟಲೆ ಅಭ್ಯಾಸ ಮಾಡಿ ಆ ಹೆಸರನ್ನು ಕಲಿತಿದ್ದ.

ಅಂದು ಒಂದು ಜೋರು ಡಿಕ್ಕಿಯಾದ ಮೇಲೆ ಅವನು ಎದ್ದು, ನಗುತ್ತಲೇ ಹೊರಬಂದನಂತೆ. ನೀರಿನ ಬಾಟಲಿ ತೆಗೆದುಕೊಂಡು ಕೇಳಿದನಂತೆ: "ಥ್ಯಾಂಕ್ಸ್. ನಿನ್ನ ಹೆಸರೇನು?"

ಸುತ್ತಲಿದ್ದವರು ತಮಾಷೆ ಅಂದುಕೊಂಡು ನಕ್ಕರು. ಜಾಹ್ನವಿ ನಗಲಿಲ್ಲ. ಡಾಕ್ಟರ ಬಳಿಗೆ ಓಡಿದಳು. ಅವರು ಪರೀಕ್ಷೆ ಮಾಡಿ, ತಲೆಗೆ ಪೆಟ್ಟಾಗಿದೆ, ಇನ್ನು ಆಡುವಂತಿಲ್ಲ ಅಂದರು. ಹೆಲ್ಮೆಟ್ ಇಲ್ಲದೆ ಯಾರೂ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ಅದನ್ನು ಕಸಿದುಕೊಂಡು ಇಟ್ಟುಕೊಳ್ಳುವುದು ಇಲ್ಲಿನ ರೂಢಿ. ಹತ್ತಿರ ಇದ್ದವಳು ಇವಳು. ಇವಳ ಕೈಗೆ ಕೊಟ್ಟರು.

ತಂಡ ಸೋತಿತು. ಸೀಸನ್ ಮುಗಿಯಿತು.

ಸಂಜೆ ಫೋನಿನಲ್ಲಿ ಅವಳದು ಒಂದೇ ಮಾತು. "ನೋಬಡಿ ಈಸ್ ಟಾಕಿಂಗ್ ಟು ಮೀ, ಅಮ್ಮಾ. ಐ ಆ್ಯಮ್ ನಾಟ್ ಗೋಯಿಂಗ್ ಬ್ಯಾಕ್."

ನಮ್ಮವರು ಮೆಲ್ಲಗೆ ಅಂದರು, "ಡಾಕ್ಟರ್‌ಗೆ ಹೇಳಿದ್ಯಲ್ಲ ಪುಟ್ಟಿ, ಅಷ್ಟು ಸಾಕಿತ್ತು. ಹೆಲ್ಮೆಟ್ ಬೇರೆ ಯಾರಾದ್ರೂ ಹಿಡ್ಕೋತಿದ್ರು."

"ಯಾರು, ಡ್ಯಾಡಿ?"

ನಮ್ಮವರು ಫೋನನ್ನು ನನ್ನ ಕೈಗೆ ಕೊಟ್ಟರು. ನಾಳೆ ಬರ್ತೀವಿ ಅಂದೆ.

ಭಾನುವಾರ ಸೀಡರ್ ಪಾರ್ಕ್‌ನ ನಮ್ಮ ಮನೆಗೆ ಹೋಗದೆ ನೇರ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದೆವು. ಲತಾ ಕಟ್ಟಿಕೊಟ್ಟ ಮೊಸರನ್ನ ನನ್ನ ತೊಡೆಯ ಮೇಲಿತ್ತು. ಜಾಹ್ನವಿಯ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಕುಳಿತಿದ್ದರು. ಹೊಂದಾಣಿಕೆಯಿಲ್ಲದ ಚಪ್ಪಲಿ, ಒಂದು ನೀಲಿ, ಒಂದು ಕಪ್ಪು.

"ಹೆಲ್ಮೆಟ್ ಹಿಡಿದುಕೊಂಡಿದ್ದು ನಿಮ್ಮ ಮಗಳಾ? ನಾನು ಮಾರ್ಕಸ್‌ನ ಅಮ್ಮ. ಡಾಲಸ್‌ನಿಂದ ನಿನ್ನೆ ರಾತ್ರಿಯೇ ಬಂದೆ."

ಬೈಗುಳಕ್ಕೆ ಸಿದ್ಧಳಾದೆ. ಅಷ್ಟರಲ್ಲಿ ಜಾಹ್ನವಿ ಬಾಗಿಲು ತೆರೆದಳು, ಕಣ್ಣು ಊದಿತ್ತು. ಆ ತಾಯಿ ಅವಳ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಮಣಿಕಟ್ಟಿನ ಮೇಲೆ ಕೆಂಪು ಗೀರುಗಳಿದ್ದವು.

"ಅವನು ಮಾಡಿದ್ದಾ?"

"ಹೀ ಡಿಡಂಟ್ ಮೀನ್ ಇಟ್," ಅಂದಳು ಮಗಳು.

ಅವರು ಕೈ ಬಿಡಲಿಲ್ಲ. "ನಿನ್ನೆ ಸ್ವಲ್ಪ ಹೊತ್ತು ಅವನಿಗೆ ನಾನ್ಯಾರೆಂದೂ ಗೊತ್ತಾಗಲಿಲ್ಲ. ಇನ್ನೊಂದು ಸಲ ಆ ಪೆಟ್ಟು ಬಿದ್ದಿದ್ದರೆ..." ಆ ಗೀರುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ಅಂದರು, "ಈಗ ನನ್ನ ಗುರುತಿದೆ. ನಿನ್ನ ಹೆಸರಿಗಾಗಿ ಬೆಳಗಿನಿಂದ ತಡಕಾಡುತ್ತಿದ್ದಾನೆ. ಹೇಳಿಕೊಡೋಣವೆಂದರೆ ನನಗೆ ಬಾರದು. ನೀನೇ ಬಂದು ಹೇಳಿಕೊಡ್ತೀಯಾ?"

ಜಾಹ್ನವಿ ಒಳಗೆ ಹೋದಳು. ಹೊರಬಂದಾಗ ತಂಡದ ಟೀ ಶರ್ಟ್ ಹಾಕಿಕೊಂಡಿದ್ದಳು. ಕೈಯಲ್ಲಿ ಟೇಪಿನ ಸುರುಳಿ.

ಮೊಸರನ್ನದ ಡಬ್ಬಿ ಹಿಡಿದು ನಾನು ಮೆಟ್ಟಿಲ ಮೇಲೆಯೇ ನಿಂತೆ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಎದುರಾದರೆ ಕೈ ಹಿಂದೆ ಕಟ್ಟಿ ನಿಲ್ಲಬೇಕಿತ್ತು. ಹೇಳಿದ್ದನ್ನು ಕೇಳುತ್ತೇವೆ ಎಂಬುದರ ಗುರುತು ಅದು. ಮಗಳಿಗೂ ನಾನು ಹಾಗೆಯೇ ನಿಲ್ಲಲು ಕಲಿಸಿದ್ದೆ.

ಆದರೆ ಇಡೀ ಸ್ಟೇಡಿಯಮ್ 'ಕೊಡು' ಎನ್ನುವಾಗ ಆ ಕೈಗಳನ್ನು ಮುಂದೆ ತರದಿರುವುದನ್ನು ಅವಳಿಗೆ ಯಾರು ಕಲಿಸಿದರು?