ಶುಕ್ರವಾರ ಪೇಟೆಯ ಬಾಗಿಲಲ್ಲಿ ನಾನು ಹೇಳಿದ ಕಥೆ

ಮನೆ ತೋರಿಸುವ ಏಜೆಂಟ್ ಫೋನಿನಲ್ಲಿ ಹಿಂದಿಯಲ್ಲಿ, "ಶುಕ್ರವಾರದಲ್ಲಿ ಒಂದು ಖೋಲಿ ಇದೆ, ಸೋಮವಾರದಲ್ಲಿ ಎರಡಿವೆ" ಎಂದ. ಆಗಷ್ಟೇ ಗದಗಿನಿಂದ ಬಂದಿಳಿದಿದ್ದ ನಾನು, ಎರಡೂ ದಿನ ಕಾಲೇಜಿಗೆ ರಜೆ ಹಾಕಬೇಕಲ್ಲ ಎಂದು ಚಿಂತೆಗೆ ಬಿದ್ದೆ. ಪುಣೆಯಲ್ಲಿ ವಾರದ ದಿನಗಳ ಹೆಸರಿನಲ್ಲಿ ಪೇಟೆಗಳಿವೆ ಎಂದು ನನಗೆ ತಿಳಿದಿರಲಿಲ್ಲ. ಬಂದದ್ದು ಮಾತ್ರ ಇತಿಹಾಸ ಕಲಿಸುವ ಕೆಲಸಕ್ಕೆ.

ಕೊನೆಗೆ ಶುಕ್ರವಾರ ಪೇಟೆಯ ಹಳೆಯ ವಾಡೆಯೊಂದರಲ್ಲಿ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಹಿಡಿದೆ. ನಮ್ಮ ಕಡೆ ವಾಡೆ ಎಂದರೆ ಒಂದೇ ಮನೆತನದ ದೊಡ್ಡ ಮನೆ. ಇಲ್ಲಿ ನಡುವೆ ಅಂಗಳ, ಸುತ್ತ ಒಂದೊಂದು ಖೋಲಿಗೆ ಒಂದೊಂದು ಬಾಡಿಗೆ ಸಂಸಾರ. ಗದಗಿನಲ್ಲಿ ಹೊಸಬರು ಬಂದರೆ ಇಡೀ ಓಣಿಯೇ ಬಂದು ವಿಚಾರಿಸುತ್ತದೆ. ಇಲ್ಲಿ ಎಲ್ಲರೂ ನಕ್ಕರು, ಒಳಗೆ ಹೋದರು. ಖಾನಾವಳಿಯಲ್ಲಿ ಆಮಟಿ ಎಂದು ಬಡಿಸುವ ಬೇಳೆ ಸಾರಿಗೆ ಬೆಲ್ಲ ಹಾಕಿರುತ್ತಿದ್ದರು. ಸಿಟ್ಟು ಬಂದರೂ ಯಾರ ಮುಂದೆ ಬೈಯುವುದು? ಊರಿಗೆ ಫೋನ್ ಮಾಡಿ ಅವ್ವನ ಮುಂದೆಯೇ ಬೈಯುತ್ತಿದ್ದೆ.

ಆ ಬೈಗುಳ ಗೋಡೆಯಾಚೆ ಕೇಳಿಸಿತ್ತು. ಪಕ್ಕದ ಖೋಲಿಯ ಮುದುಕಿ, ವಾಡೆಗೆಲ್ಲ ಕಾಕು ಅಂದರೆ ಚಿಕ್ಕಮ್ಮ, ಮರುದಿನ ನನ್ನನ್ನು ಸನ್ನೆ ಮಾಡಿ ಕರೆದರು.

"ಒಳಗ ಬಾ. ಮದಲ ಬಾಗಲಾ ಹಾಕು. ಗದಗಿನಕಿ ಏನವಾ ನೀ?"

ನನಗೆ ಅಳುವೇ ಬಂತು. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಬೈಲಹೊಂಗಲದ ಕಡೆಯಿಂದ ಮದುವೆಯಾಗಿ ಬಂದ ಕಾಕು ಈ ಖೋಲಿಯಲ್ಲೇ ಮುದುಕಿಯಾಗಿದ್ದರು. ಅಂಗಳದಲ್ಲಿ ಅಚ್ಚ ಪೇಟೆ ಮರಾಠಿ; ಬಾಗಿಲು ಹಾಕಿದರೆ ಕನ್ನಡ. "ಯಾಕ್ರೀ ಕಾಕೂ, ಬಾಗಲಾ ಯಾಕ ಹಾಕೋದು?" ಎಂದು ಕೇಳಿದ್ದೆ. "ರೂಢಿ ಆಗೇದವಾ" ಎಂದಿದ್ದರು.

ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಭಾನುವಾರದ ನಡಿಗೆಗಳಿಗೆ ಎಳೆದರು. ಜನರನ್ನು ಗಲ್ಲಿಗಲ್ಲಿ ಸುತ್ತಿಸಿ, ಇಲ್ಲಿ ಯಾವ ಚಳವಳಿ ನಡೆಯಿತು, ಯಾವ ಊರಿನವರು ಬಂದು ನೆಲೆಸಿದರು ಎಂದು ಹೇಳುವ ಕೆಲಸ. ನಿನ್ನೆ ಮೊನ್ನೆ ಬಂದವಳು ಪುಣೆಯವರಿಗೇ ಪುಣೆ ತೋರಿಸುವುದು! ಹೇಳಬೇಕಾದದ್ದನ್ನೆಲ್ಲ ಕಾಕು ಮುಂದೆ ಮರಾಠಿಯಲ್ಲಿ ಒಪ್ಪಿಸುತ್ತಿದ್ದೆ. ಅವರು ಕಾಳು ಆರಿಸುತ್ತ ನನ್ನ ತಪ್ಪನ್ನೂ ಹೆಕ್ಕಿ ತೆಗೆಯುತ್ತಿದ್ದರು. ನಾಲ್ಕು ತಿಂಗಳಲ್ಲಿ ಜನ ನನ್ನ ಮರಾಠಿ ಕೇಳಿ "ನೀವು ಕೊಲ್ಹಾಪುರದವರಾ?" ಎನ್ನತೊಡಗಿದರು. ಮರಾಠಿಯವಳೆಂದೇ ತಿಳಿದರಲ್ಲ ಎಂದು ನಾನು ಉಬ್ಬಿಹೋದೆ.

ವಾಡೆಯ ಅಂಗಳದಲ್ಲಿ, ಗಣಪತಿ ಗೂಡಿನ ಪಕ್ಕ, ಮಾಲೆ ಹಾಕಿದ ಕೆಲವು ಫೋಟೊಗಳಿವೆ. ಅವುಗಳಲ್ಲೊಂದು ಕಾಕುವಿನ ಯಜಮಾನರದು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಗಡಿ ಚಳವಳಿಯಲ್ಲಿ ಈ ವಾಡೆಯಿಂದ ಮುಂದೆ ನಿಂತು ಕೂಗಿದವರು. ಅವರು ಬೆಳಗಾವಿ ಕಡೆಯ ಮರಾಠಿಗರೆಂದೇ ವಾಡೆಯವರ ನಂಬಿಕೆ. ಒಂದು ಸಂಜೆ ಬಾಗಿಲು ಹಾಕಿಕೊಂಡು ಕೂತಾಗ ಕಾಕು ತಾವಾಗಿಯೇ ಹೇಳಿದರು.

"ಎಲ್ಲಾರ್ಕಿಂತ ಜೋರ ಒದರ್ತಿದ್ರು ನಮ್ಮನಿಯವರು. ಮನಿಗೆ ಬಂದು 'ಇವತ್ತೂ ಯಾರಿಗೂ ಸಂಶೇ ಬರಲಿಲ್ಲ' ಅಂತ ಕನ್ನಡದಾಗ ಹೇಳಿ ಉಣ್ಣಾಕ ಕೂಡ್ತಿದ್ರು. ಚಳವಳಿ ಏನ್ ಬಂತವಾ, ಕನ್ನಡದವರಂತ ಗೊತ್ತಾದ್ರ ಖೋಲಿ ಬಿಡಸ್ತಾರಂತ ಅಂಜಿಕಿ. ಭಾಳ ಅಂಜತಿದ್ರು."

ಅದನ್ನು ಅಲ್ಲೇ ಬಿಡಬೇಕಿತ್ತು.

ಹೋದ ತಿಂಗಳ ನಡಿಗೆಯಲ್ಲಿ ಜನ ಬಿಸಿಲಿಗೆ ಬೇಸತ್ತು ಮೊಬೈಲ್ ನೋಡತೊಡಗಿದ್ದರು. ನಮ್ಮ ವಾಡೆಯ ಬಾಗಿಲಿಗೆ ಬಂದಾಗ, ಇವರ ತಲೆ ಎತ್ತಿಸಲೇಬೇಕು ಎಂಬ ಹಟ ನನಗೆ. ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ, ಈ ವಾಡೆಯಲ್ಲಿದ್ದ ಒಬ್ಬ ಪ್ರೆಸ್ ಕೆಲಸಗಾರ ಎಂದೆ. ಕನ್ನಡದವನು ಎಂದೆ. ಖೋಲಿ ಹೋದೀತೆಂಬ ಭಯಕ್ಕೆ ಘೋಷಣೆ ಕೂಗಿದವನು ಎಂದೆ. ಎಲ್ಲರೂ ತಲೆ ಎತ್ತಿದರು. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಒಳಗೆ ಕಟ್ಟೆಯ ಮೇಲೆ ಕಾಕು ಕೂತಿದ್ದಾರೆ. ಎದುರು ಖೋಲಿಯ ನಾನಾ, ಯಜಮಾನರ ಹೆಗಲಿಗೆ ಹೆಗಲು ಕೊಟ್ಟು ಮೆರವಣಿಗೆಯಲ್ಲಿ ನಡೆದವರು, ಪೇಪರ್ ಮಡಚಿ ಕಾಕುವನ್ನೇ ನೋಡುತ್ತಿದ್ದಾರೆ.

ಮಧ್ಯಾಹ್ನ ನಾನು ತಲೆ ತಗ್ಗಿಸಿಕೊಂಡು ಒಳಬರುವಾಗ ನಾನಾ ತಡೆದರು. ಕಾಕು ಪಕ್ಕದಲ್ಲೇ ಇದ್ದರು. ನಾನಾ ಬಾಯಿ ತೆರೆಯುವ ಮೊದಲೇ ಕಾಕು ಮರಾಠಿಯಲ್ಲಿ ಹೇಳಿದರು: "ಹುಡುಗಿ ಹೊಸಬಳು. ಇವಳ ಮರಾಠಿ ಇನ್ನೂ ಕಚ್ಚಾ. ಏನೋ ಹೇಳಲು ಹೋಗಿ ಏನೋ ಹೇಳಿದ್ದಾಳೆ."

ನಾನಾ ನನ್ನತ್ತ ತಿರುಗಿ, "ಹೌದಾ?" ಎಂದರು. ಹೌದು ಎನ್ನಲಿ ಎಂದು ಅವರೂ ಕಾಯುತ್ತಿದ್ದರು ಅನ್ನಿಸಿತು.

"ಹೌದು ನಾನಾ," ಎಂದೆ. ಬೇಕೆಂದೇ ತೊದಲಿದೆ. "ನನಗೆ ಸರಿಯಾಗಿ ಬರುವುದಿಲ್ಲ. ಬೇರೆ ಯಾರದೋ ಕಥೆ, ಬೇರೆ ವಾಡೆಯದು." ಈ ಊರಿನಲ್ಲಿ ಕಷ್ಟಪಟ್ಟು ಗಳಿಸಿದ್ದು ಅದೊಂದೇ ಭಾಷೆ. ಅದನ್ನು ಅಲ್ಲೇ ಕೈಯಾರೆ ಹಾಳು ಮಾಡಿಕೊಂಡೆ, ಆದರೂ ಮನಸ್ಸು ಹಗುರಾಗಲಿಲ್ಲ. ನಾನಾ ತಲೆಯಾಡಿಸಿ ಯಜಮಾನರ ಫೋಟೊದ ಮಾಲೆ ಸರಿಮಾಡಿ ಒಳಗೆ ಹೋದರು.

ಆ ಬಾಗಿಲನ್ನು ನಡಿಗೆಯ ದಾರಿಯಿಂದ ತೆಗೆದಿದ್ದೇನೆ. ಹಾಗೆಂದು ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಗದಗಿಗೆ ಹೋದಾಗ ಅವ್ವ, "ಪುಣಾ ಹೆಂಗದ? ಹೊಂದಿಕೊಂಡಿ?" ಎಂದಳು. ಹೊಂದಿಕೊಂಡೆ ಎನ್ನಲು ನಾಚಿಕೆಯಾಯಿತು. ಅಲ್ಲಿ ಕೂತು ಪುಣೆಯ ಅಂಗಳವನ್ನು ನೆನೆದೆ, ಇಲ್ಲಿಗೆ ಬಂದರೆ ಅಂಗಳ ದಾಟಲು ಕಾಲು ಬರುವುದಿಲ್ಲ.

ಮೊನ್ನೆ ಧೈರ್ಯ ಮಾಡಿ ಕಾಕುವಿನ ಖೋಲಿಗೆ ಹೋದೆ. ರೂಢಿಯಂತೆ ಬಾಗಿಲು ಹಾಕಿದೆ. "ಕಾಕೂ, ತಪ್ಪಾತ್ರಿ" ಎಂದೆ. ಅವರು ಮಣೆ ಹಾಕಿದರು, ಬಿಸಿ ರೊಟ್ಟಿ ಬಡಿಸಿದರು, ಮೇಲೆ ಎಣ್ಣೆ ಹಾಕಿ ಚಟ್ನಿ ಕಲಸಿದರು. ಪ್ರೀತಿಗೇನೂ ಕಡಿಮೆ ಮಾಡಲಿಲ್ಲ. ಆಮೇಲೆ ಎದ್ದು ಹೋಗಿ ಬಾಗಿಲು ತೆರೆದಿಟ್ಟರು. ಅಂಗಳದವರೊಡನೆ ಮಾತಾಡುವ ಅದೇ ಚೊಕ್ಕ ಮರಾಠಿಯಲ್ಲಿ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದರು.