ಕೂಸಿಗೆ ಎರೆಯಲು ಕುಳಿತದ್ದು

ಮಕ್ಕಳೇ, ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಕೂಸಿಗೆ ಎರೆಯಲು ನನ್ನನ್ನೇ ಕರೆಯುತ್ತಿದ್ದರು. ನಾಲ್ಕು ಜನರ ಮುಂದೆ ಮಾತಾಡಲು ನಾಚುವವಳು ನಾನು. ಬಚ್ಚಲಲ್ಲಿ ಮಾತ್ರ ಆ ನಾಚಿಕೆ ಇರಲಿಲ್ಲ. ಮಣೆಯ ಮೇಲೆ ಕುಳಿತು ಕಾಲು ಚಾಚಿ, ತಲೆ ನನ್ನ ಪಾದದ ಕಡೆ ಬರುವಂತೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಾಗಿ ಎಣ್ಣೆ ತಿಕ್ಕುತ್ತಿದ್ದೆ. ಬಿಸಿನೀರು ಬಿದ್ದೊಡನೆ ಅಳು ನಿಲ್ಲಿಸುವ ಕೂಸುಗಳೂ ಇದ್ದವು.

ನಿಮ್ಮ ತಾತ ಇದ್ದಾಗ ದೋಣಿಮಲೈ ಗಣಿಯ ಪಾಳಿಗೆ ಬುತ್ತಿ ಕಟ್ಟಲು ನಸುಕಿನಲ್ಲೇ ಏಳುತ್ತಿದ್ದೆ. ಅವರು ತೀರಿಕೊಂಡ ಮೇಲೆ ಏಳುವ ಅವಸರವೇ ಉಳಿಯಲಿಲ್ಲ. ಟಿವಿ ಮುಂದೆ ಕೂರುವುದು, ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ತಿನ್ನುವುದು. ಬಂದವರು, "ಮೈ ತುಂಬಿಕೊಂಡೀರಿ, ಚಲೋ ಆತು ಬಿಡ್ರಿ," ಅನ್ನುತ್ತಿದ್ದರು. ದುಃಖದಲ್ಲಿ ಸೊರಗಲಿಲ್ಲವಲ್ಲ ಎಂದು ನಾನೂ ಅದನ್ನು ಒಳ್ಳೆಯದೆಂದೇ ತಿಳಿದೆ.

ಮೆಲ್ಲಗೆ ಒಂದೊಂದೇ ಬಿಟ್ಟುಹೋಯಿತು. ಕಂಪ್ಲಿ ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು, "ಜಲ್ದಿ ಹತ್ತಬೇ ಯವ್ವಾ," ಎಂದು ಗದರುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಕುಳಿತರೆ ಎಬ್ಬಿಸಲು ಇಬ್ಬರು ಬೇಕು. ಹಸಿವಿಲ್ಲವೆಂದು ಹೇಳಿ ಗೋಡೆಗೆ ಆತು ನಿಲ್ಲುತ್ತಿದ್ದೆ.

ನಿಮ್ಮಲ್ಲಿ ಹಿರಿಯವನು ಹುಟ್ಟಿದಾಗ ನಾನೇ ಎರೆಯುತ್ತೇನೆಂದು ಹಟ ಹಿಡಿದೆ. ಊರ ಕೂಸುಗಳಿಗೆಲ್ಲ ಎರೆದವಳು ಮಗಳ ಕೂಸಿಗೆ ಎರೆಯದಿದ್ದರೆ ಹೇಗೆ? ನಿಮ್ಮ ಅಪ್ಪನ ತಾಯಿ, ನನ್ನ ಬೀಗತಿ, ಕಂಪ್ಲಿಯಿಂದ ಬಂದಿದ್ದರು. ಅವರೇ ಕೂಸನ್ನು ನನ್ನ ಕಾಲ ಮೇಲೆ ಇಟ್ಟರು. ಬಾಗಿದೆ. ಹೊಟ್ಟೆ ಅಡ್ಡ ಬಂತು. ಕೈ ಕೂಸಿನ ಬೆನ್ನಿಗೆ ಮುಟ್ಟಿತು, ತಲೆಗೆ ಮುಟ್ಟಲಿಲ್ಲ. ಉಸಿರು ಸಿಕ್ಕಿಕೊಂಡಂತಾಗಿ ಕಾಲು ನಡುಗಿತು. ಎಣ್ಣೆ ಹಚ್ಚಿದ ಕೂಸು ಜಾರಿತು. ಬೀಗತಿ ಗಪ್ಪನೆ ಹಿಡಿದರು.

"ಬಿಡ್ರಿ ಅಕ್ಕಾರ, ನಿಮ್ಮ ಹೊಟ್ಟಿ ನಡುವ ಬಂದು ಕುಂತೈತಿ," ಎಂದು ನಕ್ಕರು. "ಕೂಸಿಗೆ ತೊಟ್ಲ ಯಾಕ, ಈ ಹೊಟ್ಟಿ ಮ್ಯಾಲ ಮಲಗಿಸಿದ್ರ ಸಾಕು."

ನಿಮ್ಮ ತಾಯಿ ನಗಲಿಲ್ಲ. "ಯವ್ವಾ, ನೀ ಮೊದ್ಲು ಮ್ಯಾಲೇಳು," ಅಂದಳು.

ಏಳಲು ಆಗಲಿಲ್ಲ. ಬೀಗತಿ ನನ್ನ ಪಕ್ಕದಲ್ಲೇ ಕುಳಿತು ಎರೆದರು. ಒದ್ದೆ ನೆಲದ ಮೇಲೆ ಕುಳಿತು ನಾನು ನೋಡುತ್ತಿದ್ದೆ.

ಭಾರಕ್ಕೆ ಮೊಣಕಾಲು ಸವೆದಿದೆ, ಮೈ ಇಳಿಸಿದರೆ ಇನ್ನಷ್ಟು ಸವೆಯುವುದು ತಪ್ಪುತ್ತದೆ ಎಂದರು ಡಾಕ್ಟರಮ್ಮ. ಮಿರ್ಚಿ ಬಿಟ್ಟೆ. ಸಂಜೆ ಕಾಲುವೆ ದಂಡೆಯ ಮೇಲೆ ನಿಂತು ನಿಂತು ನಡೆದೆ. ಉಸಿರು ಹಗುರಾಯಿತು, ಬಸ್ಸು ಹತ್ತಲು ಬಂತು. ಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ.

ಕಿರಿಯವಳು ಹುಟ್ಟಿದಾಗ ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಬೀಗತಿಯೇ ಕೈ ಹಿಡಿದು ಮಣೆಯ ಮೇಲೆ ಕೂರಿಸಿ, ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ, ತಾವು ನನ್ನೆದುರು ಕುಳಿತರು.

"ಕುತ್ತಿಗಿ ತನಕ ನಿಮ್ದು, ತಲಿ ನಂದು. ಜಗಳ ಬ್ಯಾಡ ನೋಡ್ರಿ."

ಬೆನ್ನು ತಿಕ್ಕಿದೆ, ತೋಳು ತಿಕ್ಕಿದೆ. ತಲೆಗೆ ಅವರು ನೀರು ಹಾಕಿದರು. ನಿಮ್ಮಿಬ್ಬರಲ್ಲಿ ಯಾರ ತಲೆಗೂ ನನ್ನ ಕೈಯಿಂದ ನೀರು ಬೀಳಲಿಲ್ಲ.